ಗಾಡಿ ನಿಂತರೆ ನೀವು ಎಲ್ಲಿರುತ್ತೀರಿ? ಲ್ಯಾಪ್‌ಲ್ಯಾಂಡಿನ ನಿರ್ಜನ ಪ್ರದೇಶಕ್ಕೆ ಸ್ನೋಮೊಬೈಲ್ ಪ್ರವಾಸದ ಯೋಜನೆ

ಪ್ರಶ್ನೆ: ನಾನು ಕಲಬುರಗಿಯಲ್ಲಿ ದ್ವಿಚಕ್ರ ವಾಹನಗಳ ಗ್ಯಾರೇಜು ನಡೆಸುತ್ತೇನೆ. ನನ್ನ ತಮ್ಮ ಫಿನ್ಲೆಂಡಿನ ಔಲು ನಗರದಲ್ಲಿ ಕೆಲಸದಲ್ಲಿದ್ದಾನೆ. ಬರುವ ಫೆಬ್ರುವರಿ ಮೊದಲ ವಾರ ನಾನೂ ನಮ್ಮ ಭಾವನವರೂ ಅಲ್ಲಿಗೆ ಹೋಗಿ, ಮೂವರೂ ಸೇರಿ ಎರಡು ಸ್ನೋಮೊಬೈಲ್ (ಹಿಮದ ಮೇಲೆ ಓಡುವ, ಬೈಕಿನಂತೆ ಕೂತು ನಡೆಸುವ ಗಾಡಿ) ಬಾಡಿಗೆಗೆ ಪಡೆದು, ದೇಶದ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್ ಸೀಮೆಯ ಇನಾರಿಯಿಂದ ಉತ್ತರಕ್ಕೆ ಆರು ದಿನ, ದಿನಕ್ಕೆ 150 ಕಿ.ಮೀ.ಯಂತೆ, ಕಾಡಿನ ತಂಗುಮನೆಗಳಲ್ಲಿ ಉಳಿಯುತ್ತ, ಮಾರ್ಗದರ್ಶಿ ಇಲ್ಲದೆ ಸುತ್ತಿ ಬರಬೇಕೆಂದಿದ್ದೇವೆ. ಬೈಕಿನಲ್ಲಿ ಲಡಾಖ್‌ವರೆಗೆ ಹೋಗಿಬಂದವನು ನಾನು; ಯಂತ್ರದ ಭಯವಿಲ್ಲ. ಭಾವನವರಿಗೆ ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಯೋಜನೆಯಲ್ಲಿ ಏನು ನೋಡಿಕೊಳ್ಳಬೇಕು, ಏನು ಒಯ್ಯಬೇಕು, ಇಲ್ಲಿ ಮನೆಯವರು ಹೇಗೆ ನಿಗಾ ಇಡಬಹುದು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ದಾರಿ, ದಿನ, ಬಾಡಿಗೆ ಎಲ್ಲದರ ಲೆಕ್ಕವಿದೆ, ಆದರೆ ಆ ಲೆಕ್ಕವೆಲ್ಲ ಗಾಡಿ ಓಡುತ್ತಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಇವಾಲೊ ಮತ್ತು ಇನಾರಿಯ ಸುತ್ತ ಚಳಿಗಾಲದ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಮಾಡಿದ ನಾನು ಕಂಡಂತೆ, ಆ ಸೀಮೆಯ ಜನ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕುತ್ತಾರೆ. ಗಾಡಿ ಇಂಥ ಕಡೆ ಕೆಟ್ಟು ನಿಂತರೆ ಯಾವ ತಂಗುಮನೆಗೆ, ಎಷ್ಟು ಹೊತ್ತಿನಲ್ಲಿ, ಯಾವ ದಾರಿಯಲ್ಲಿ ನಡೆದು ತಲುಪಬಹುದು ಎಂಬುದನ್ನು ಮೊದಲು ನೋಡಿ, ಆಮೇಲೆ ಅಷ್ಟೇ ದೂರ ಹೋಗಲು ಒಪ್ಪುತ್ತಾರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಗಂಟೆ ಓಡಿಸಿದರೆ 40 ಕಿ.ಮೀ. ದೂರ ಬಂದಿರುತ್ತೀರಿ, ಸೊಂಟದ ಮಟ್ಟದ ಮೆತ್ತನೆಯ ಹಿಮದಲ್ಲಿ ಸ್ಕೀ ಅಥವಾ ಹಿಮಪಾದುಕೆ ಇಲ್ಲದೆ ಗಂಟೆಗೆ ಒಂದು ಕಿ.ಮೀ. ನಡೆಯುವುದೂ ಗಟ್ಟಿ ಆಳಿಗೆ ಕಷ್ಟ. ಹೋಗುವಾಗಿನ ಒಂದು ಗಂಟೆ, ಬರುವಾಗ ಎರಡು ಹಗಲು ಎರಡು ರಾತ್ರಿಯಾದೀತು. ಗಾಡಿಗಳು ಓಡಾಡಿ ಗಟ್ಟಿಯಾದ ಪಥದ ಮೇಲೆ ಮಾತ್ರ ಮನುಷ್ಯ ಸಾಮಾನ್ಯ ವೇಗದಲ್ಲಿ ನಡೆಯಬಲ್ಲ. ಆದ್ದರಿಂದ ಗುರುತಿಸಿದ ಪಥದಲ್ಲೇ ಇರಿ ಎಂಬ ಮಾತು ಕಾನೂನಿನ ಮಾತಷ್ಟೇ ಅಲ್ಲ, ಆ ಪಥವೇ ನಿಮ್ಮ ಮರಳುವ ದಾರಿ.

ಈ ದೃಷ್ಟಿಯಿಂದ ನಿಮ್ಮ ಯೋಜನೆಯನ್ನು ನಾಲ್ಕು ಕಡೆ ತಿದ್ದಬೇಕೆಂದು ನನ್ನ ಅಭಿಪ್ರಾಯ. ಫೆಬ್ರುವರಿಯ ಬದಲು ಮಾರ್ಚ್ ಮಧ್ಯದಿಂದ ಏಪ್ರಿಲ್ ಮೊದಲ ವಾರದೊಳಗೆ ಹೋಗಿ. ಆರು ದಿನದ ಸುತ್ತುದಾರಿಯನ್ನು ಬಿಟ್ಟು, ಒಂದೇ ಊರಿನಲ್ಲಿ ಬಿಡಾರ ಮಾಡಿ, ಮೂರು-ನಾಲ್ಕು ದಿನ ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿಗಳನ್ನು ಆರಿಸಿಕೊಳ್ಳಿ. ಬೇಕಿದ್ದರೆ ಕೊನೆಯಲ್ಲಿ ಒಂದೇ ಒಂದು ರಾತ್ರಿಯನ್ನು ಹತ್ತಿರದ ತಂಗುಮನೆಯಲ್ಲಿ ಕಳೆಯಿರಿ. ಎರಡು ಗಾಡಿಯ ಬದಲು ಮೂರು ಪಡೆಯಿರಿ. ಮೊದಲ ದಿನವಾದರೂ ಸ್ಥಳೀಯ ಮಾರ್ಗದರ್ಶಿಯೊಬ್ಬರು ಜೊತೆಗಿರಲಿ. ದಿನಕ್ಕೆ 150 ಕಿ.ಮೀ. ಎಂಬುದು ಆ ಕಡೆ ಬೆಳೆದವರಿಗೆ ದೊಡ್ಡ ದೂರವಲ್ಲ. ಹೊಸಬರಿಗೆ 60-70 ಕಿ.ಮೀ. ಆದಾಗಲೇ ಹೆಬ್ಬೆರಳು, ಮುಂಗೈ ಮತ್ತು ಸೊಂಟ ಸಾಕೆನ್ನುತ್ತವೆ.

ತಿಂಗಳನ್ನು ಬದಲಿಸಲು ಹೇಳಿದ್ದು ಬೆಳಕಿನ ಕಾರಣಕ್ಕೆ. ಇನಾರಿ ಇರುವುದು ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರ್ ಆರಂಭದಿಂದ ಜನವರಿ ಎರಡನೆಯ ವಾರದವರೆಗೆ ಸೂರ್ಯ ಮೂಡುವುದೇ ಇಲ್ಲ, ಫೆಬ್ರುವರಿ ಮೊದಲ ವಾರದಲ್ಲಿ ಹಗಲು ಐದಾರು ಗಂಟೆಯಷ್ಟು ಮಾತ್ರ. ಮಾರ್ಚ್ 20ರ ಹೊತ್ತಿಗೆ ಹನ್ನೆರಡು ಗಂಟೆ, ಏಪ್ರಿಲ್ ಆರಂಭದಲ್ಲಿ ಹದಿಮೂರು-ಹದಿನಾಲ್ಕು ಗಂಟೆಯ ಬೆಳಕು ದೊರೆಯುತ್ತದೆ. ಲ್ಯಾಪ್‌ಲ್ಯಾಂಡಿನಲ್ಲಿ ಹಿಮದ ಆಳ ಹೆಚ್ಚಾಗಿರುವುದೂ ಆ ವಾರಗಳಲ್ಲೇ. ಫಿನ್ಲೆಂಡಿನ ದಾಖಲೆಯ ಕನಿಷ್ಠ ತಾಪಮಾನವಾದ ಮೈನಸ್ 51.5 ಡಿಗ್ರಿ ಸೆಲ್ಸಿಯಸ್, ಕಿಟ್ಟಿಲಾ ಪುರಸಭೆಗೆ ಸೇರಿದ ಪೊಕ್ಕಾ ಎಂಬ ಹಳ್ಳಿಯಲ್ಲಿ 1999ರ ಜನವರಿ 28ರಂದು ದಾಖಲಾಯಿತು. ಫೆಬ್ರುವರಿ ಆರಂಭದಲ್ಲಿ ಮೈನಸ್ 30 ಅಲ್ಲಿ ಅಪರೂಪವೇನಲ್ಲ. ಡಿಸೆಂಬರಿನಲ್ಲಿ ಬೀದರಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುವ ಸೀಮೆಯವರು ನಾವು; ಚಳಿಯೊಂದಿಗಿನ ಮೊದಲ ಪರಿಚಯ ಅದರ ಅತ್ಯಂತ ಕಠಿಣ ವಾರದಲ್ಲೇ ಆಗಬೇಕಾಗಿಲ್ಲ.

ಇನ್ನು ಕಾನೂನು. ಫಿನ್ಲೆಂಡಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯುವ, ಸ್ಕೀ ಮಾಡುವ, ಹಣ್ಣು ಆಯುವ ಸಾರ್ವತ್ರಿಕ ಹಕ್ಕು ಇದೆಯೆಂದು ನಿಮ್ಮ ತಮ್ಮ ಹೇಳಿರಬಹುದು. ಅದು ನಿಜ, ಆದರೆ ಆ ಹಕ್ಕು ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ನೆಲದ ಮೇಲೆ ಸ್ನೋಮೊಬೈಲ್ ಓಡಿಸಲು ಗುರುತಿಸಿದ ದಾರಿ ಇರಬೇಕು, ಇಲ್ಲವೇ ಭೂಮಾಲೀಕರ ಅನುಮತಿ ಇರಬೇಕು. ಉತ್ತರದಲ್ಲಿ ಬಹುಪಾಲು ಭೂಮಿ ಸರ್ಕಾರದ್ದಾಗಿದ್ದು, ಅದನ್ನು ಮೆತ್ಸಾಹಲ್ಲಿತುಸ್ ಎಂಬ ಅರಣ್ಯ ಸಂಸ್ಥೆ ನೋಡಿಕೊಳ್ಳುತ್ತದೆ. ದಾರಿಗಳಲ್ಲಿ ಎರಡು ಬಗೆ: ಚಾಲನಾ ಪರವಾನಗಿ ಇದ್ದವರೆಲ್ಲ ಬಳಸಬಹುದಾದ ಸಾರ್ವಜನಿಕ ಮಾರ್ಗಗಳು, ಮತ್ತು ಆ ಸಂಸ್ಥೆಗೆ ಶುಲ್ಕ ಕಟ್ಟಿ ಅನುಮತಿ ಪಡೆದು ಬಳಸಬೇಕಾದ ಪಥಗಳು. ಬಾಡಿಗೆಯಲ್ಲಿ ಈ ಶುಲ್ಕ ಸೇರಿದೆಯೇ ಇಲ್ಲವೇ ಎಂದು ಮೊದಲೇ ಕೇಳಿ. ವೇಗದ ಮಿತಿ ನೆಲದ ಮೇಲೆ ಗಂಟೆಗೆ 60 ಕಿ.ಮೀ., ಹೆಪ್ಪುಗಟ್ಟಿದ ನೀರಿನ ಮೇಲೆ 80 ಕಿ.ಮೀ.; ಹೆಲ್ಮೆಟ್ ಕಡ್ಡಾಯ; ಕುಡಿದು ಓಡಿಸುವುದು ಅಪರಾಧ. ನಿಮ್ಮ ಕಾರಿನ ಪರವಾನಗಿಯ ಜೊತೆಗೆ ಕಲಬುರಗಿಯ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ಅದರ ಅವಧಿ ಒಂದು ವರ್ಷ.

ಗಡಿಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಉತ್ತರಕ್ಕೆ ಹೋದಂತೆ ತೆನೊ ನದಿಯ ಆಚೆ ದಡ ನಾರ್ವೆಯದು, ಮತ್ತು ಅಲ್ಲಿ 1977ರ ಕಾನೂನಿನಂತೆ ವಿನೋದಕ್ಕಾಗಿ ಸ್ನೋಮೊಬೈಲ್ ಓಡಿಸುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ. ನದಿ ಹೆಪ್ಪುಗಟ್ಟಿದೆ, ಬೇಲಿ ಇಲ್ಲ ಎಂದು ದಾಟಿಬಿಡಬೇಡಿ. ಪೂರ್ವಕ್ಕೆ ರಷ್ಯಾದ ಗಡಿಯುದ್ದಕ್ಕೂ, ನೆಲದ ಮೇಲೆ ಗರಿಷ್ಠ ಮೂರು ಕಿ.ಮೀ. ಅಗಲದ ಗಡಿವಲಯವಿದ್ದು, ಗಡಿ ಕಾವಲು ಪಡೆಯ ಅನುಮತಿಯಿಲ್ಲದೆ ಅದರೊಳಗೆ ಕಾಲಿಡುವಂತಿಲ್ಲ. ವೀಸಾಕ್ಕಾಗಿ ನೀವು ಮಾಡಿಸುವ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯಲ್ಲಿ ಮೋಟಾರು ಚಾಲಿತ ಹಿಮಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದು ಷರತ್ತುಗಳ ಪುಟವನ್ನೇ ತೆರೆದು ಓದಿ. ಏಜೆಂಟರ ಬಾಯಿಮಾತು ಸಾಲದು.

ಯಂತ್ರದ ಭಯವಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಕಸುಬಿನವರಿಗೆ ಹೆಮ್ಮೆ ತರುವ ಸಂಗತಿಯೊಂದಿದೆ: ಈ ವಾಹನವನ್ನು ಜನಬಳಕೆಗೆ ತಂದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಗ್ಯಾರೇಜು ಮೆಕ್ಯಾನಿಕ್. 1934ರ ಚಳಿಗಾಲದಲ್ಲಿ ಹಿಮದಿಂದ ದಾರಿ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗದೆ ಅವರ ಎಳೆಯ ಮಗ ತೀರಿಕೊಂಡ. 1937ರಲ್ಲಿ ಅವರು ತಮ್ಮ ಹಿಮವಾಹನದ ಟ್ರ್ಯಾಕ್ (ಹಿಂದಿನ ಚಕ್ರದ ಬದಲು ಸುತ್ತುವ ಅಗಲವಾದ ಪಟ್ಟಿ) ವ್ಯವಸ್ಥೆಗೆ ಪೇಟೆಂಟ್ ಪಡೆದರು. 1959ರಲ್ಲಿ ಸ್ಕೀ-ಡೂ ಎಂಬ ಚಿಕ್ಕ ಗಾಡಿ ಮಾರುಕಟ್ಟೆಗೆ ಬಂತು. ಅವರ ಕಂಪನಿಯ ಪರಂಪರೆಯದೇ ಆದ ಲಿಂಕ್ಸ್ ಗಾಡಿಗಳು ಇಂದು ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ತಯಾರಾಗುತ್ತವೆ.

ಗೇರು ವ್ಯವಸ್ಥೆ ನಿಮಗೆ ಹೊಸದಲ್ಲ: ನಿಮ್ಮ ಗ್ಯಾರೇಜಿಗೆ ಬರುವ ಗೇರ್‌ಲೆಸ್ ಸ್ಕೂಟರುಗಳಲ್ಲಿರುವ ಬೆಲ್ಟ್ ಮತ್ತು ಎರಡು ಪುಲ್ಲಿಗಳ ತತ್ವವೇ ಇಲ್ಲಿಯೂ ಇದೆ. ಬೆಲ್ಟ್ ಹರಿಯುವುದೇ ದಾರಿಯಲ್ಲಿ ಎದುರಾಗುವ ಸಾಮಾನ್ಯ ತೊಂದರೆ. ಪ್ರತಿ ಗಾಡಿಯಲ್ಲೂ ಆ ಮಾದರಿಯದೇ ಬದಲಿ ಬೆಲ್ಟ್, ಪ್ಲಗ್, ಪ್ಲಗ್ ಪಾನಾ, ಎಳೆಯುವ ಹಗ್ಗ ಇರಲಿ. ಬೆಲ್ಟ್ ಬದಲಿಸುವುದನ್ನು ಬಾಡಿಗೆ ಅಂಗಳದಲ್ಲಿಯೇ, ಕೈಗವಸು ಹಾಕಿಕೊಂಡು, ಒಮ್ಮೆ ಮಾಡಿ ನೋಡಿ. ನಿಮಗೆ ಹೊಸದಾಗುವುದು ತಂಪಾಗಿಸುವ ವ್ಯವಸ್ಥೆ. ನೀರಿನಿಂದ ತಂಪಾಗುವ ಮಾದರಿಗಳಲ್ಲಿ ಹಿಂದಿನ ಟ್ರ್ಯಾಕ್ ಎರಚುವ ಹಿಮವೇ ಸೀಟಿನ ಕೆಳಗಿನ ಶಾಖ ವಿನಿಮಯಕದ ಮೇಲೆ ಬಿದ್ದು ಎಂಜಿನ್ನನ್ನು ತಂಪಾಗಿಸುತ್ತದೆ. ಟ್ರ್ಯಾಕಿನೊಳಗಿನ ಪ್ಲಾಸ್ಟಿಕ್ ಜಾರುಪಟ್ಟಿಗಳಿಗೂ ಅದೇ ಹಿಮವೇ ಕೀಲೆಣ್ಣೆ. ಹೀಗಾಗಿ ಗಾಳಿ ಹಿಮವನ್ನೆಲ್ಲ ಒಯ್ದು ಬರಿಯ ಮಂಜುಗಡ್ಡೆ ಉಳಿದ ಸರೋವರದ ಮೇಲೆ, ಮೈನಸ್ 25 ಡಿಗ್ರಿಯಲ್ಲೂ ಎಂಜಿನ್ ಕಾದು ಎಚ್ಚರಿಕೆಯ ದೀಪ ಹತ್ತಬಹುದು. ಆಗ ಸುತ್ತಲೂ ಹಿಮ ಸಿಗುವ ಅಂಚಿಗೆ ಹೋಗಿ ನಿಧಾನವಾಗಿ ಓಡಿಸಬೇಕು. ಮಂಜನ್ನು ಕೆರೆದು ಎರಚುವ ಉಕ್ಕಿನ ಕಡ್ಡಿಗಳಿರುವ ಗಾಡಿಯನ್ನೇ ಕೇಳಿ ಪಡೆಯಿರಿ.

ಬೈಕ್ ಸವಾರರ ಕೆಲವು ಅಭ್ಯಾಸಗಳು ಇಲ್ಲಿ ಅಪಾಯಕಾರಿ. ಎಕ್ಸಲರೇಟರ್ ಮುಷ್ಟಿಯಲ್ಲಿ ತಿರುಗಿಸುವುದಲ್ಲ, ಬಲ ಹೆಬ್ಬೆರಳಿನಿಂದ ಒತ್ತುವ ಪಟ್ಟಿ. ಗಾಬರಿಯಲ್ಲಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದವರು ತಿಳಿಯದೆ ಅದನ್ನೂ ಒತ್ತಿಬಿಡುತ್ತಾರೆ. ಗಾಡಿ ವಾಲಿದಾಗ ಬೈಕಿನಲ್ಲಿ ಮಾಡುವಂತೆ ಕಾಲು ಹೊರಗೆ ಊರಿದರೆ, ಇನ್ನೂರಕ್ಕೂ ಹೆಚ್ಚು ಕಿಲೋ ತೂಕ ಕಾಲಿನ ಮೇಲೆ ಬಂದು ಮೂಳೆ ಮುರಿಯುತ್ತದೆ. ಕಾಲು ಒಳಗೇ ಇರಲಿ, ಗಾಡಿ ಮಗುಚುವುದಾದರೆ ಮಗುಚಲಿ. ಎಂಜಿನ್ ನಿಲ್ಲಿಸುವ ಸುರಕ್ಷತಾ ಹಗ್ಗವನ್ನು ಜಾಕೆಟಿಗೆ ಸಿಕ್ಕಿಸದೆ ಒಂದು ಮಾರೂ ಚಲಿಸಬೇಡಿ. ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರನ್ನು ಕೂರಿಸಿ ಸುತ್ತಿಸುವ ಸ್ನೋ ಸ್ಕೂಟರಿನ ಹತ್ತು ನಿಮಿಷದ ಸವಾರಿಯನ್ನು ತರಬೇತಿಯೆಂದು ಎಣಿಸಬೇಡಿ.

ಪಥ ಬಿಟ್ಟು ಪಕ್ಕದ ಮೆತ್ತನೆಯ ಹಿಮಕ್ಕೆ ಇಳಿದ ಗಾಡಿ, ಮೃಗಶಿರಾ ಮಳೆ ಬಿದ್ದ ನಮ್ಮ ಎರೆಹೊಲದಲ್ಲಿ ಹೂತ ಟ್ರ್ಯಾಕ್ಟರಿನಂತೆ, ಎಕ್ಸಲರೇಟರ್ ಒತ್ತಿದಷ್ಟೂ ಕೆಳಗೇ ಹೋಗುತ್ತದೆ. ತಕ್ಷಣ ಕೈ ಬಿಡಿ. ಸಲಿಕೆಯಿಂದ ಮುಂದಿನ ಸ್ಕೀಗಳ ಎದುರು ಮತ್ತು ಟ್ರ್ಯಾಕಿನ ಅಕ್ಕಪಕ್ಕದ ಹಿಮ ತೆಗೆದು, ಕಾಲಿನಿಂದ ತುಳಿದು ಇಳಿಜಾರಿನ ಗಟ್ಟಿ ದಾರಿ ಮಾಡಿ, ಹಿಂಭಾಗವನ್ನು ಇಬ್ಬರು ಎತ್ತಿ ಗಟ್ಟಿ ಹಿಮದ ಮೇಲಿಟ್ಟು, ಆಮೇಲೆ ಮೆಲ್ಲಗೆ ಚಲಿಸಬೇಕು. ಈ ಕೆಲಸಕ್ಕೆ ಒಬ್ಬ ಸಾಲದು. ಎರಡು ಗಾಡಿಗಳಲ್ಲಿ ಮೂವರಿದ್ದು ಒಂದು ಕೆಟ್ಟರೆ ಉಳಿದ ಒಂದರಲ್ಲಿ ಮೂವರು ಕೂರಲಾರಿರಿ. ಮೂರನೆಯ ಗಾಡಿ ಎಂದದ್ದು ಅದಕ್ಕೇ.

ಪೆಟ್ರೋಲಿನ ವಿಷಯದಲ್ಲಿ ಅಲ್ಲಿಯ ರೂಢಿ ಸರಳ: ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಮುಟ್ಟದೆ ಇಡಲು. ಗಟ್ಟಿ ಪಥದ ಮೇಲೆ ಕೊಡುವ ಮೈಲೇಜನ್ನು ಅದೇ ಗಾಡಿ ತಾಜಾ ಹಿಮದಲ್ಲಿ, ಹಿಂದೆ ಸಾಮಾನಿನ ಜಾರುಬಂಡಿ ಎಳೆಯುತ್ತ, ಅರ್ಧಕ್ಕೆ ಇಳಿಸಬಹುದು. ಚಿಕ್ಕ ಊರುಗಳಲ್ಲಿ ಕಾರ್ಡಿನಿಂದ ಮಾತ್ರ ನಡೆಯುವ, ಸಿಬ್ಬಂದಿಯಿಲ್ಲದ ಪಂಪುಗಳಿರುತ್ತವೆ. ನಿಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಚಾಲೂ ಆಗಿದೆಯೇ ಎಂದು ಹೊರಡುವ ಮೊದಲೇ ನೋಡಿ.

ನಾನು ಅತಿ ಹೆಚ್ಚು ಹೆದರುವುದು ನೀರಿಗೆ. ಚಳಿಗಾಲದ ಪಥಗಳು ಬಹುತೇಕ ಸರೋವರ, ನದಿಗಳ ಮೇಲೆಯೇ ಸಾಗುತ್ತವೆ, ಮತ್ತು ಇನಾರಿ ಸರೋವರವೊಂದೇ ಸಾವಿರ ಚದರ ಕಿ.ಮೀ.ಗೂ ಮಿಗಿಲಾದದ್ದು. ಹೊಸದಾಗಿ ಗಟ್ಟಿಯಾದ ಪಾರದರ್ಶಕ ಮಂಜುಗಡ್ಡೆ ಸ್ನೋಮೊಬೈಲನ್ನು ಹೊರಲು ಸುಮಾರು 15 ಸೆಂ.ಮೀ. ದಪ್ಪವಿರಬೇಕೆಂಬುದು ಸಾಮಾನ್ಯ ಮಾರ್ಗಸೂಚಿ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಮಂಜುಗಡ್ಡೆಯ ಬಲ ಅದರ ಅರ್ಧ ಮಾತ್ರ. ಮಾರ್ಚಿನಲ್ಲಿ ಸರೋವರದ ನಡುವೆ ಈ ದಪ್ಪದ ಚಿಂತೆ ಇರುವುದಿಲ್ಲ. ಆದರೆ ನದಿ ಸರೋವರಕ್ಕೆ ಸೇರುವಲ್ಲಿ, ಎರಡು ದ್ವೀಪಗಳ ನಡುವಿನ ಕಿರಿದಾದ ಜಾಗದಲ್ಲಿ, ಸೇತುವೆಯ ಕೆಳಗೆ, ಎಲ್ಲೆಲ್ಲಿ ಒಳಗೆ ನೀರು ಹರಿಯುತ್ತದೋ ಅಲ್ಲೆಲ್ಲ ಮಂಜು ತೆಳುವಾಗಿರುತ್ತದೆ, ಮತ್ತು ಮೇಲೆ ಬಿದ್ದ ಹಿಮ ಕಂಬಳಿಯ ಕೆಲಸ ಮಾಡಿ ಅದನ್ನು ದಪ್ಪವಾಗಲು ಬಿಡುವುದಿಲ್ಲ. ಪಥದ ಗುರುತಿನ ಕೋಲುಗಳು ಅಲ್ಲಿ ಸುತ್ತು ಹಾಕಿ ಹೋಗಿದ್ದರೆ ನೀವೂ ಸುತ್ತು ಹಾಕಿಯೇ ಹೋಗಿ. ಆ ವಕ್ರದಾರಿ ಸುಮ್ಮನೆ ಹಾಕಿದ್ದಲ್ಲ.

ಇನ್ನೊಂದು ತೊಂದರೆಯನ್ನು ನಮ್ಮವರು ಊಹಿಸುವುದೂ ಕಷ್ಟ. ಹಿಮದ ಭಾರಕ್ಕೆ ಮಂಜುಗಡ್ಡೆ ತುಸು ಕುಸಿದಾಗ ಬಿರುಕುಗಳ ಮೂಲಕ ನೀರು ಮೇಲೆ ಬಂದು, ಮಂಜಿಗೂ ಮೇಲಿನ ಹಿಮಕ್ಕೂ ನಡುವೆ ಗಂಜಿಯಾಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಬಿಳಿ ಬಯಲು. ಗಾಡಿ ಅದರಲ್ಲಿ ಸಿಕ್ಕಿಕೊಂಡರೆ ಮುಳುಗುವುದಿಲ್ಲ, ಆದರೆ ನಿಂತರೆ ಟ್ರ್ಯಾಕಿನ ಸುತ್ತ ಆ ಗಂಜಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಇಳಿದವರ ಬೂಟು ಒದ್ದೆಯಾಗುತ್ತದೆ. ಮುಂದಿನ ಗಾಡಿಯ ಜಾಡು ಬೂದುಬಣ್ಣಕ್ಕೆ ತಿರುಗಿದ್ದನ್ನು ಕಂಡ ಕೂಡಲೇ ಹಿಂದಿನವರು ಬೇರೆ ಗೆರೆ ಹಿಡಿಯಬೇಕು; ಒಳಗೆ ಸಿಕ್ಕವರು ನಿಲ್ಲದೆ ವೇಗ ಕಾಯ್ದುಕೊಂಡು ಒಣ ಹಿಮದವರೆಗೆ ಹೋಗಿ, ಅಲ್ಲಿ ಟ್ರ್ಯಾಕನ್ನು ಸ್ವಚ್ಛಗೊಳಿಸಬೇಕು.

ನೀರಿಗೆ ಬಿದ್ದರೆ ಏನು ಮಾಡಬೇಕೆಂಬುದನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು 1-10-1 ಎಂಬ ಸೂತ್ರದಲ್ಲಿ ಹೇಳುತ್ತಾರೆ. ಉಸಿರಾಟವನ್ನು ಹಿಡಿತಕ್ಕೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ, ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಂದರೆ ತಕ್ಷಣ ಸತ್ತೇಹೋಗುತ್ತೇನೆಂದು ಒದ್ದಾಡಿ ಮೊದಲ ನಿಮಿಷವನ್ನು ಕಳೆದುಕೊಳ್ಳಬಾರದು. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ನಿಮ್ಮನ್ನು ಅಲ್ಲಿಯವರೆಗೆ ಹೊತ್ತದ್ದು ಆ ಬದಿಯ ಮಂಜು. ಕಾಲು ಬಡಿಯುತ್ತ ಮೈಯನ್ನು ಅಡ್ಡಲಾಗಿಸಿ, ಕೊರಳಲ್ಲಿ ತೂಗಿದ ಎರಡು ಮೊನೆಗೂಟಗಳನ್ನು ಮಂಜಿಗೆ ಚುಚ್ಚಿ ಎಳೆದುಕೊಂಡು ಮೇಲೆ ಬನ್ನಿ, ಎದ್ದು ನಿಲ್ಲದೆ ಉರುಳುತ್ತ ದೂರ ಸರಿಯಿರಿ. ಆ ಮೊನೆಗೂಟಗಳ ಬೆಲೆ ಹೆಚ್ಚಿಲ್ಲ. ಜಾರುಬಂಡಿಯ ಚೀಲದಲ್ಲಿದ್ದರೆ ಅವುಗಳಿಂದ ಪ್ರಯೋಜನವೂ ಇಲ್ಲ.

ಹಿಮಕುಸಿತದ ಬಗ್ಗೆ ಇಷ್ಟೇ ಹೇಳುತ್ತೇನೆ: ಇನಾರಿಯ ಸುತ್ತಲಿನ ಬೆಟ್ಟಗಳು ತಗ್ಗಾಗಿದ್ದರೂ, 30ರಿಂದ 45 ಡಿಗ್ರಿ ಇಳಿಜಾರು ಎಲ್ಲಿದ್ದರೂ ಹಿಮ ಜಾರಬಹುದು, ಆದ್ದರಿಂದ ಕಡಿದಾದ ಓರೆಗಳ ಮೇಲಾಗಲಿ ಕೆಳಗಾಗಲಿ ಹೋಗದಿರುವುದೇ ನಿಮ್ಮಂಥ ಹೊಸಬರಿಗೆ ತಕ್ಕದ್ದು. ಮರಗಳಿಲ್ಲದ ಬೋಳುಗುಡ್ಡಗಳ ಮೇಲೆ ಗಾಳಿ ಎದ್ದು ಆಕಾಶ-ನೆಲ ಒಂದಾಗಿ ಏನೂ ಕಾಣದಂತಾದರೆ ನಿಲ್ಲಿ. ದಿಕ್ಸೂಚಿಯನ್ನು ನೆಚ್ಚುವುದಾದರೆ, ಕಲಬುರಗಿಯಲ್ಲಿ ಕಾಂತಸೂಜಿಯ ಓರೆ (ನಿಜವಾದ ಉತ್ತರದಿಂದ ಅದು ವಾಲುವ ಕೋನ) ಸೊನ್ನೆಯ ಹತ್ತಿರವಿದ್ದರೆ ಅಲ್ಲಿ ಅದು ಹತ್ತು ಡಿಗ್ರಿಗೂ ಮೀರಿ ಪೂರ್ವಕ್ಕಿದೆ ಎಂಬುದನ್ನು ನೆನಪಿಡಿ, ಮತ್ತು ಗಾಡಿಯಿಂದ ಕೆಲವು ಹೆಜ್ಜೆ ದೂರ ನಿಂತು ನೋಡಿ.

ಬಟ್ಟೆಯ ವಿಷಯ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಗಾಳಿ ಬರಿಯ ಚರ್ಮಕ್ಕೆ ಮೈನಸ್ 35 ಡಿಗ್ರಿಯಷ್ಟು ಕೊರೆಯುತ್ತದೆ; ಗಾಡಿ ಓಡಿಸುವವರು ಆ ಗಾಳಿಯನ್ನು ತಾವೇ ಸೃಷ್ಟಿಸಿಕೊಳ್ಳುತ್ತಾರೆ. ಹೊರಗಿನ ದಪ್ಪ ಉಡುಪು, ಬೂಟು, ಹೆಲ್ಮೆಟ್ ಬಾಡಿಗೆಯವರೇ ಕೊಡುತ್ತಾರೆ. ಮೈಗೆ ಅಂಟುವ ಒಳಪದರ ಮಾತ್ರ ನಿಮ್ಮದು, ಮತ್ತು ಅದು ಹತ್ತಿಯದಾಗಿರಬಾರದು: ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯ ಕಾವನ್ನು ಕದಿಯುತ್ತದೆ. ಉಣ್ಣೆಯ ಒಳಉಡುಪು, ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಅಳತೆ ದೊಡ್ಡ ಬೂಟು. ಹೂತ ಗಾಡಿ ಅಗೆಯುವ ಮುನ್ನ ಒಂದು ಪದರ ಕಳಚಿ, ಮುಗಿದ ಮೇಲೆ ಹಾಕಿಕೊಳ್ಳಿ. ಅರ್ಧ ಗಂಟೆಗೊಮ್ಮೆ ನಿಂತು ಒಬ್ಬರ ಮುಖ ಒಬ್ಬರು ನೋಡಿ. ಮೂಗು, ಕೆನ್ನೆಯ ಮೇಲೆ ಮೇಣದಂಥ ಮಾಸಲು ಕಲೆ ಕಂಡರೆ ಬರಿಗೈಯ ಕಾವು ಕೊಡಿ. ಹಿಮದಿಂದ ಉಜ್ಜುವುದು ಹಳೆಯ ತಪ್ಪು ನಂಬಿಕೆ. ಬೆರಳುಗಳು ಆಳವಾಗಿ ಹೆಪ್ಪುಗಟ್ಟಿದ್ದರೆ, ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲದ ಬೆಚ್ಚನೆಯ ಜಾಗ ಸೇರಿದ ಮೇಲೆಯೇ, 37ರಿಂದ 39 ಡಿಗ್ರಿಯ ನೀರಿನಲ್ಲಿ ಕರಗಿಸಬೇಕು. ಶಾಂತವಾದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಕೂರುವುದರಿಂದ, ಗುಡ್ಡದಿಂದ ಸರೋವರಕ್ಕೆ ಇಳಿದಾಗ ಚಳಿ ಒಮ್ಮೆಲೇ ಹೆಚ್ಚುವುದನ್ನೂ ನಿರೀಕ್ಷಿಸಿ.

ನಿಮ್ಮ ಭಾವನವರ ವಿಷಯವನ್ನು ಬಿಡಿಸಿ ಹೇಳಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಕೆಲಸ ಮಾಡುವ ಭರವಸೆಯಿಲ್ಲ, ಅದನ್ನು ಎಸೆಯಬೇಕು. ವಿಮಾನದಲ್ಲಿ ಅದು ಕೈಚೀಲದಲ್ಲಿರಲಿ, ವೈದ್ಯರ ಪತ್ರ ಜೊತೆಗಿರಲಿ. ಪಥದಲ್ಲಿ ಅಂಗಿಯ ಒಳಜೇಬಿನಲ್ಲಿ, ಮೈಯ ಕಾವಿಗೆ ತಾಗಿ ಇರಲಿ, ಮತ್ತು ಅರ್ಧ ಭಾಗ ನಿಮ್ಮ ಬಳಿ ಇರಲಿ. ಸಕ್ಕರೆ ಅಳೆಯುವ ಯಂತ್ರ ಮತ್ತು ಅದರ ಪಟ್ಟಿಗಳೂ ಚಳಿಗೆ ತಪ್ಪು ತೋರಿಸುತ್ತವೆ, ಅವನ್ನೂ ಒಳಗೇ ಇಟ್ಟುಕೊಳ್ಳಬೇಕು. ಇಡೀ ದಿನ ಚಳಿಯಲ್ಲಿ ದುಡಿದ ಮೈಯಲ್ಲಿ ಸಕ್ಕರೆ ತಗ್ಗುವುದು ಸುಲಭ, ಮತ್ತು ಆಗಿನ ಲಕ್ಷಣಗಳಾದ ನಡುಕ, ತೊದಲು, ಮಂಕುತನಗಳು ಮೈ ತಣ್ಣಗಾದಾಗಿನ ಲಕ್ಷಣಗಳಂತೆಯೇ ಇರುತ್ತವೆ. ಅನುಮಾನ ಬಂದರೆ, ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಮೊದಲು ಸಿಹಿ ಕೊಡಿ, ಆಮೇಲೆ ಬೆಚ್ಚಗಾಗಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರಬಹುದು, ಅಂಥವರಿಗೆ ಬೆರಳು ಹೆಪ್ಪುಗಟ್ಟಿದ್ದು ತಿಳಿಯುವುದೇ ಇಲ್ಲ. ಟಿಕೆಟ್ ತೆಗೆಸುವ ಮೊದಲು ಕಲಬುರಗಿಯಲ್ಲೇ ವೈದ್ಯರಿಂದ ಪಾದಗಳ ಸ್ಪರ್ಶ ಪರೀಕ್ಷೆ ಮಾಡಿಸಿ. ಅದರಲ್ಲಿ ಕೊರತೆ ಕಂಡರೆ ಅವರು ಒಂದೆರಡು ಗಂಟೆಯ ಸವಾರಿಗಷ್ಟೇ ಬಂದು, ಉಳಿದ ಹೊತ್ತು ಊರಿನ ಬಿಡಾರದಲ್ಲಿರುವುದು ಒಳ್ಳೆಯದು.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ನೀರಿನಂಶ ಇರುವ ಆಹಾರವೆಲ್ಲ ಅಲ್ಲಿ ಕಲ್ಲಾಗುತ್ತದೆ: ಚಪಾತಿ ಪಲ್ಯ, ಬ್ರೆಡ್ಡು, ಬಾಳೆಹಣ್ಣು ಯಾವುದೂ ಹಲ್ಲಿಗೆ ಬಗ್ಗುವುದಿಲ್ಲ. ಖಡಕ್ ಜೋಳದ ರೊಟ್ಟಿ, ಒಣ ಶೇಂಗಾ ಹಿಂಡಿ, ಶೇಂಗಾ ಚಿಕ್ಕಿ ಮೈನಸ್ 25ರಲ್ಲೂ ಹಾಗೆಯೇ ತಿನ್ನಲು ಬರುತ್ತವೆ, ಮತ್ತು ಶೇಂಗಾದ ಎಣ್ಣೆಯಂಶ ಚಳಿಯಲ್ಲಿ ಬೇಕಾದ ಶಕ್ತಿಯನ್ನು ಕೊಡುತ್ತದೆ. ತುಪ್ಪ, ಪೇಢೆ, ಖೋವಾ ಮಾತ್ರ ಮನೆಯವರು ಎಷ್ಟು ಒತ್ತಾಯಿಸಿದರೂ ಕಟ್ಟಿಕೊಳ್ಳಬೇಡಿ. ಹೊರಗಿನ ದೇಶಗಳಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ.

ಕಾಡಿನ ತಂಗುಮನೆಗಳಲ್ಲಿ ಬೀಗವಿಲ್ಲದವುಗಳಿಗೆ ಬಾಡಿಗೆಯಿಲ್ಲ. ಒಂದೆರಡು ರಾತ್ರಿ ಯಾರಾದರೂ ಉಳಿಯಬಹುದು, ಆದರೆ ಕೊನೆಗೆ ಬಂದವರಿಗೆ ಮೊದಲ ಹಕ್ಕು ಎಂಬುದು ಅಲ್ಲಿಯ ರೂಢಿ. ದಣಿದು ಬಂದವರಿಗೆ, ಮೊದಲೇ ಬಂದು ಬೆಚ್ಚಗಾದವರು ಜಾಗ ಬಿಟ್ಟುಕೊಡಬೇಕು. ಹೀಗಾಗಿ ತಂಗುಮನೆಯನ್ನೇ ನೆಚ್ಚಿ ಮಲಗುವ ಚೀಲ ಬಿಟ್ಟು ಹೋಗುವಂತಿಲ್ಲ. ಹೊರಡುವಾಗ ಮುಂದಿನವರಿಗಾಗಿ ಒಲೆಯ ಪಕ್ಕ ಒಣ ಸೌದೆ ಸೀಳಿಟ್ಟು, ಅತಿಥಿ ಪುಸ್ತಕದಲ್ಲಿ ಹೆಸರು, ದಿನಾಂಕ, ಮುಂದೆ ಹೋಗುವ ದಿಕ್ಕು ಬರೆಯಿರಿ. ಹುಡುಕಲು ಬರುವವರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ದಾರಿಯಲ್ಲಿ ಹಿಮಸಾರಂಗಗಳ ಹಿಂಡು ಸಿಕ್ಕರೆ ಎಂಜಿನ್ ನಿಲ್ಲಿಸಿ ಅವು ಸರಿಯುವವರೆಗೆ ಕಾಯಿರಿ. ಅವು ಕಾಡುಪ್ರಾಣಿಗಳಲ್ಲ, ಒಡೆಯರಿರುವ ಸಾಕುಹಿಂಡು, ಮತ್ತು ವಸಂತದ ಹೊತ್ತಿಗೆ ಹೆಣ್ಣುಗಳು ಗಬ್ಬವಾಗಿರುತ್ತವೆ.

ಕೊನೆಯದಾಗಿ, ಮನೆಯವರು ನಿಗಾ ಇಡುವ ಪ್ರಶ್ನೆ. ಕಲಬುರಗಿಯಲ್ಲಿ ಕುಳಿತು ಅವರು ನಿಗಾ ಇಡಲಾರರು ಎಂದು ನೇರವಾಗಿಯೇ ಹೇಳಬೇಕಾಗಿದೆ. ಫಿನ್ಲೆಂಡಿನ ತುರ್ತು ಸಂಖ್ಯೆ 112, ಭಾರತದ್ದೂ 112. ಗಾಬರಿಯಾದ ಮನೆಯವರು ಇಲ್ಲಿಂದ ಅದನ್ನು ಒತ್ತಿದರೆ ಕರೆ ಕರ್ನಾಟಕದ ಪೊಲೀಸರಿಗೆ ಹೋಗುತ್ತದೆ. ಅಲ್ಲಿ ನೆಲದ ಮೇಲೆ ಕಾಣೆಯಾದವರನ್ನು ಹುಡುಕುವ ಹೊಣೆ ಪೊಲೀಸರದು, ಗಡಿ ಕಾವಲು ಪಡೆಯ ಹೆಲಿಕಾಪ್ಟರುಗಳು ಮತ್ತು ಸ್ವಯಂಸೇವಕರು ನೆರವಾಗುತ್ತಾರೆ. ಅವರಿಗೆ ಫಿನ್ಲೆಂಡಿನೊಳಗಿಂದಲೇ, ದಾರಿಯ ಹೆಸರು ಬಲ್ಲವರು ಕರೆ ಮಾಡಬೇಕು. ನಿಮ್ಮ ತಮ್ಮ ನಿಮ್ಮೊಂದಿಗೇ ಇರುವುದರಿಂದ, ಔಲುವಿನಲ್ಲಿರುವ ಅವನ ಸಹೋದ್ಯೋಗಿಯೊಬ್ಬರನ್ನು ಅಥವಾ ಇನಾರಿಯ ಬಿಡಾರದ ಮಾಲೀಕರನ್ನು ಇದಕ್ಕೆ ಒಪ್ಪಿಸಿ. ಅವರ ಕೈಯಲ್ಲಿ ಒಂದು ಹಾಳೆ ಇರಬೇಕು: ಯಾವ ಪಥ, ಯಾವ ತಂಗುಮನೆ, ಗಾಡಿಗಳ ನೋಂದಣಿ ಸಂಖ್ಯೆ, ಉಡುಪಿನ ಬಣ್ಣ, ಫೋನ್ ಸಂಖ್ಯೆಗಳು, ಭಾವನವರ ಕಾಯಿಲೆ ಮತ್ತು ಔಷಧಿ, ಮರಳುವ ಸಮಯ, ಮತ್ತು ಎಷ್ಟು ಗಂಟೆಗೆ ಸುದ್ದಿ ಬಾರದಿದ್ದರೆ ಪೊಲೀಸರಿಗೆ ಕರೆ ಮಾಡಬೇಕು ಎಂಬ ಒಂದೇ ಒಂದು ಖಚಿತ ಗಳಿಗೆ. ಆ ಗಳಿಗೆಗೆ ಮೊದಲು ನೀವು ಸುದ್ದಿ ಮುಟ್ಟಿಸಲೇಬೇಕು. ಕಲಬುರಗಿಯವರಿಗೆ ಆ ವ್ಯಕ್ತಿಯ ಸಂಖ್ಯೆ ಕೊಟ್ಟು, ವಿಚಾರಿಸುವುದಿದ್ದರೆ ಅವರನ್ನೇ ವಿಚಾರಿಸಿ ಎಂದು ಹೇಳಿ. ಮಾರ್ಚಿನ ಕೊನೆಯ ಭಾನುವಾರದವರೆಗೆ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ, ಆಮೇಲೆ ಎರಡೂವರೆ ಗಂಟೆ ಹಿಂದೆ ಇರುತ್ತದೆ ಎಂಬುದನ್ನೂ ತಿಳಿಸಿಡಿ, ಇಲ್ಲಿ ಕತ್ತಲಾಯಿತೆಂದು ಅವರು ಕಳವಳಪಡಬಾರದು.

ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಅಲ್ಲಿಯ 112 ಸುಓಮಿ ಎಂಬ ಅಪ್ಲಿಕೇಶನ್ ಮೂಲಕ ಕರೆ ಮಾಡಿದರೆ ನೀವಿರುವ ಸ್ಥಳವೂ ತುರ್ತು ಕೇಂದ್ರಕ್ಕೆ ತಲುಪುತ್ತದೆ. ಆದರೆ ನಿರ್ಜನ ಭಾಗಗಳಲ್ಲಿ ಸಿಗ್ನಲ್ ಇಲ್ಲದ ಜಾಗಗಳಿವೆ, ಅದಕ್ಕಾಗಿ ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನವೊಂದನ್ನು ಜೊತೆಗಿಟ್ಟುಕೊಳ್ಳಿ. ತಂಡದ ನಡುವಿನ ಗಾಡಿಯಲ್ಲಿರುವವರ ಮೈಮೇಲೆ ಅದು ಇರಲಿ, ಗಾಡಿಯ ಪೆಟ್ಟಿಗೆಯಲ್ಲಲ್ಲ. ಅದನ್ನು ಅಲ್ಲಿಯೇ ಬಾಡಿಗೆಗೆ ಪಡೆಯಿರಿ ಅಥವಾ ತಮ್ಮನ ಹೆಸರಿನಲ್ಲಿ ಕೊಂಡು ಔಲುವಿನಲ್ಲಿಯೇ ಬಿಟ್ಟು ಬನ್ನಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥ ಉಪಗ್ರಹ ಸಾಧನವನ್ನು ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣಗಳಲ್ಲಿ ಇದೇ ಕಾರಣಕ್ಕೆ ಪ್ರವಾಸಿಗರು ಬಂಧನಕ್ಕೊಳಗಾದ ಉದಾಹರಣೆಗಳಿವೆ. ನೀವು ಹೈದರಾಬಾದಿನಲ್ಲಿ ಇಳಿಯುವಾಗ ಅದು ನಿಮ್ಮ ಚೀಲದಲ್ಲಿ ಇರಕೂಡದು.